ಷರಾ ಕಾಲಂನಲ್ಲಿದ್ದ ಒಂದೇ ಮಾತು

ಹೇಳಿದ್ದನ್ನೇ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಒಂದು ಸಲ ಹೇಳಿದರೆ ಸಾಲದೇ? ಕೇಳಿಸಿಕೊಳ್ಳದಿದ್ದರೆ ಅದು ಅವರ ಹಣೆಬರಹ. ಯೋಕೋಹಾಮಾದ ನಮ್ಮ ಮನೆಯಲ್ಲಿ ಎಂಟು ವರ್ಷದ ಮಗಳನ್ನು ದಿನಾ ಸಂಜೆ "ಊಟ ಆಯ್ತಾ?" ಎಂದು ಕೇಳುತ್ತಿದ್ದವಳು ನಾನೇ ಆದರೂ ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಹಿಡಿದಿದ್ದಳು. "ಅಮ್ಮಾ, ಮೈನಿಚಿ ಒನಾಜಿ," ಎನ್ನುತ್ತಿದ್ದಳು, ದಿನಾ ಅದೇ ಅಂತ. ಮಹಾರಾಯ್ತಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ನನ್ನ ಕೆಲಸ ವಿದ್ಯುತ್ ತಂತಿಗಳ ಮೇಲೆ ಹಿಮ ಎಷ್ಟು ಕಟ್ಟಿಕೊಳ್ಳುತ್ತದೆ ಎಂದು ಮುಂಚಿತವಾಗಿ ಹೇಳುವುದು. ಮೈಸೂರಿನವಳು ನಾನು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲದೊಳಗೆ ಹಾಕಿ ಕುಟ್ಟುವ ಮಂಜುಗಡ್ಡೆ ಬಿಟ್ಟರೆ ಬೇರೆ ಮಂಜು ಕಂಡವಳಲ್ಲ. ಕಂಪನಿ ಜಪಾನಿಗೆ ಕಳಿಸಿತು, ಇಲ್ಲಿನ ವಿದ್ಯುತ್ ಕಂಪನಿಯೊಂದಕ್ಕೆ ಈ ಮುನ್ಸೂಚನೆಯ ಪ್ರೋಗ್ರಾಂ ಬರೆಯುವ ತಂಡಕ್ಕೆ ಸೇರಿಸಿತು. ಊರಿಗೆ ಫೋನ್ ಮಾಡಿದಾಗ ನಮ್ಮತ್ತೆ, "ಅದೇನೇ ಅದು, ತಂತಿ ಮೇಲಿನ ಐಸು ಎಣಿಸೋಕೆ ಸಂಬಳ ಕೊಡ್ತಾರಾ?" ಎಂದು ಕೇಳಿದ್ದರು.

ಕೊಡುತ್ತಾರೆ, ಕೊಡಲೂಬೇಕು. ಒಣ ಹಿಮ ಗಾಳಿಗೆ ಹಾರಿಹೋಗುತ್ತದೆ, ಅದರ ಭಯವಿಲ್ಲ. ಸೊನ್ನೆಗಿಂತ ಕೊಂಚ ಮೇಲಿನ ಚಳಿಯಲ್ಲಿ ಬೀಳುವ ಒದ್ದೆ ಹಿಮ ಇದೆಯಲ್ಲ, ಅದು ಪಾಪಿ. ತಂತಿಗೆ ಅಂಟಿಕೊಂಡು ಸುತ್ತ ಬೆಳೆಯುತ್ತಾ ಹೋಗುತ್ತದೆ. ಬೆರಳಿನ ಗಾತ್ರದ ತಂತಿ ಬಾಳೆದಿಂಡಿನಷ್ಟು ದಪ್ಪವಾಗುತ್ತದೆ. ಆ ಭಾರಕ್ಕೆ ತಂತಿ ಹರಿಯಬಹುದು, ಅಥವಾ ಹಿಮವೆಲ್ಲ ಒಮ್ಮೆಗೇ ಕಳಚಿಬಿದ್ದು, ಹಗುರಾದ ತಂತಿ ಮೇಲಕ್ಕೆ ಹಾರಿ ಇನ್ನೊಂದಕ್ಕೆ ತಗುಲಿ ಊರಿಗೆ ಊರೇ ಕತ್ತಲಾಗಬಹುದು. ಅರ್ಧ ದಿನ ಮೊದಲು ಗೊತ್ತಾದರೆ ಜನರೇಟರ್ ಲಾರಿಯನ್ನು ಆ ಊರಿಗೆ ಕಳಿಸಿ ನಿಲ್ಲಿಸಬಹುದು. ಹಿಮ ಶುರುವಾದ ಮೇಲೆ ರಸ್ತೆ ಮುಚ್ಚುತ್ತದೆ, ಆಗ ಯಾರೂ ಹೋಗುವಂತಿಲ್ಲ.

ಉತ್ತರದ ಬೆಟ್ಟಗಳಲ್ಲಿ ನಮ್ಮ ಲೆಕ್ಕಕ್ಕೆ ಬರುವ ಎರಡು ಕಣಿವೆಗಳಿದ್ದವು, ಒಂದು ಪೂರ್ವದ್ದು, ಒಂದು ಪಶ್ಚಿಮದ್ದು. ಎರಡಕ್ಕೂ ಸೇರಿ ಇದ್ದದ್ದು ಒಂದೇ ಜನರೇಟರ್ ಲಾರಿ. ಪಶ್ಚಿಮದ ಕಣಿವೆಯಲ್ಲಿ ತಂತಿ ಕೊನೆಯಾಗುವುದು ಒಂದು ವೃದ್ಧರ ಆರೈಕೆ ಮನೆಯಲ್ಲಿ. ಅಲ್ಲಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗಿರುವವರಿದ್ದಾರೆ. ಆ ಯಂತ್ರದ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ಇದೆಲ್ಲ ನನಗೆ ಟೋಕಿಯೋದ ಕಚೇರಿಯಲ್ಲಿ ಕೂತೇ ಗೊತ್ತಿತ್ತು. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿಯಾಗಿ ಗೊತ್ತಿತ್ತು.

ಪೂರ್ವದ ಕಣಿವೆಯಲ್ಲಿ ತಂತಿಯ ಹಿಮವನ್ನು ಅಳೆಯಲು ಯಂತ್ರವಿತ್ತು. ಪಶ್ಚಿಮದಲ್ಲಿ ಒಬ್ಬ ತಾತ ಇದ್ದರು. ಲೈನ್‌ಮನ್ ಆಗಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಎರಡು ಕಂಬದ ನಡುವೆ ಒಂದು ಮಾರುದ್ದದ ತಂತಿಯನ್ನು ಕಟ್ಟಿಟ್ಟಿದ್ದಾರೆ. ಚಳಿಗಾಲದ ಪ್ರತಿ ದಿನ ಒಂಬತ್ತು, ಹನ್ನೆರಡು, ಮೂರು, ಆರು ಗಂಟೆಗೆ ಅದರ ಮೇಲಿನ ಹಿಮವನ್ನು ಅಳತೆಪಟ್ಟಿ ಹಿಡಿದು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಕೆಳಗಿನ ಶಾಖಾ ಕಚೇರಿಯವರು ಅದನ್ನು ಟೈಪ್ ಮಾಡಿ ನಮಗೆ ಕಳಿಸುತ್ತಾರೆ. ಹದಿನಾಲ್ಕು ಚಳಿಗಾಲಗಳ ಬರಹ, ಒಂದು ದಿನವೂ ತಪ್ಪಿಲ್ಲ.

ನನಗೆ ಆ ಅಂಕಿಗಳ ಮೇಲೆ ಮೊದಲಿನಿಂದಲೂ ಅನುಮಾನ. ಪೂರ್ವದ ಯಂತ್ರ ದೊಡ್ಡ ಹಿಮದ ದಿನ ಎರಡು, ನಾಲ್ಕು, ಆರು ಸೆಂಟಿಮೀಟರ್ ಎಂದು ಏರುತ್ತಾ ಹೋಗುತ್ತಿತ್ತು. ತಾತನ ಪುಸ್ತಕದಲ್ಲಿ ಎರಡು, ಎರಡೂವರೆ, ಎರಡು. ಹೊರಗೆ ಆಕಾಶ ಕಳಚಿ ಬೀಳುತ್ತಿದ್ದರೂ ಮೂರರ ಮೇಲೆ ಏರುತ್ತಲೇ ಇರಲಿಲ್ಲ. ಪ್ರೋಗ್ರಾಂ ತನ್ನ ಪಾಡಿಗೆ ಕಲಿತುಕೊಂಡಿತು: ಈ ಕಣಿವೆಯಲ್ಲಿ ಹಿಮ ಬೆಳೆಯುವುದಿಲ್ಲ, ತಾನಾಗಿಯೇ ಉದುರಿಹೋಗುತ್ತದೆ, ಇಲ್ಲಿ ಅಪಾಯವಿಲ್ಲ. ನಾನೂ ಹಾಗೇ ನಂಬಿದೆ. ಜೊತೆಗೆ, ಮುದುಕರು ಕಿಟಕಿಯಿಂದ ನೋಡಿ ಅಂದಾಜಿನಲ್ಲಿ ಬರೆಯುತ್ತಿದ್ದಾರೇನೋ ಅಂತಲೂ ಅನ್ನಿಸಿತು.

ಆ ಹಾಳೆಯ ಕೊನೆಯಲ್ಲಿ ಜಪಾನಿಯಲ್ಲಿ ಬರೆದ ಒಂದು ಷರಾ ಕಾಲಂ ಇತ್ತು. ಸಾವಿರಾರು ಸಾಲುಗಳಲ್ಲೂ ಹೆಚ್ಚುಕಡಿಮೆ ಒಂದೇ ವಾಕ್ಯ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಎಲ್ಲಾ ಸಾಲಲ್ಲೂ ಒಂದೇ ಮಾತಿರುವ ಕಾಲಂನಿಂದ ಪ್ರೋಗ್ರಾಂ ಕಲಿಯುವುದು ಏನೂ ಇರುವುದಿಲ್ಲ, ಆದ್ದರಿಂದ ಅದನ್ನು ಶುರುವಿನಲ್ಲೇ ಕಿತ್ತುಹಾಕುತ್ತೇವೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಜಪಾನೀ ಸಹೋದ್ಯೋಗಿ ಮೆಲ್ಲಗೆ, "ಅದನ್ನು ಇಂಗ್ಲಿಷಿಗೆ ಮಾಡಿಕೊಡಲೇ?" ಎಂದು ಕೇಳಿದ್ದರು. ನನಗೆ ಜಪಾನೀ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೆ. "ಬೇಡ, ಒಂದೇ ಮಾತು ತಾನೇ," ಎಂದು ಗುಂಡಿ ಒತ್ತಿದೆ, ಕಾಲಂ ಹೋಯಿತು.

ಆಮೇಲೆ ನಾನೇ ವರದಿ ಬರೆದೆ. ಪಶ್ಚಿಮ ಕಣಿವೆಯ ಕೈ ಮಾಪನ ನಂಬುವಂತಿಲ್ಲ, ಈ ಚಳಿಗಾಲಕ್ಕೆ ಅದನ್ನು ಮುಗಿಸಿ ಕ್ಯಾಮೆರಾ ಇಡಬಹುದು ಎಂದು. ಎಲ್ಲರೂ ತಲೆಯಾಡಿಸಿದರು. ಕ್ಯಾಮೆರಾಕ್ಕೆ ಜಾಗ ನೋಡಿ ಬರಲು ನನ್ನನ್ನೂ ಆ ಸಹೋದ್ಯೋಗಿಯನ್ನೂ ಕಳಿಸಿದರು.

ನಾವು ಹೋದ ದಿನ ಸಂಜೆಗೆ ದೊಡ್ಡ ಒದ್ದೆ ಹಿಮ ಬರುತ್ತದೆಂದು ಸುದ್ದಿಯಿತ್ತು. ನಮ್ಮ ಮುನ್ಸೂಚನೆಯ ಪ್ರಕಾರ ಅಪಾಯ ಪೂರ್ವದ ಕಣಿವೆಗೆ. ಲಾರಿ ಎಲ್ಲಿಗೆ ಹೋಗಬೇಕೆಂದು ಮಧ್ಯಾಹ್ನ ಹನ್ನೆರಡರ ಫೋನ್ ಸಭೆಯಲ್ಲಿ ನಿರ್ಧಾರವಾಗಬೇಕಿತ್ತು. ಪೂರ್ವಕ್ಕೇ ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಬೆಳಗ್ಗೆ ಎಂಟೂವರೆಗೆ ಸಬ್‌ಸ್ಟೇಷನ್ ತಲುಪಿದಾಗ ತಾತ ಸೊಂಟದವರೆಗಿನ ಹಿಮದಲ್ಲಿ ಸಲಿಕೆ ಹಿಡಿದು ನಿಂತಿದ್ದರು. ಗೇಟಿನಿಂದ ಅಂಗಳದ ಮೂಲೆಯವರೆಗೆ ಗೆರೆ ಎಳೆದಂತೆ ದಾರಿ ಮಾಡಿದ್ದರು.

"ಕ್ಯಾಮೆರಾ ಇಡೋಕೆ ಆ ಮೂಲೆ ಒಳ್ಳೇದು ಅನ್ನಿಸ್ತು. ಅಲ್ಲಿಂದ ತಂತಿ ಚೆನ್ನಾಗಿ ಕಾಣುತ್ತೆ. ನಿಮಗೆ ಕಷ್ಟ ಆಗಬಾರದು ಅಂತ ಹಿಮ ಗೋರಿ ಇಟ್ಟೆ," ಎಂದರು. ಅವರು ಆಡಿದ್ದು ಜಪಾನಿಯಲ್ಲಿ, ನನ್ನ ಕಿವಿಗೆ ಅದು ಹೀಗೇ ಕೇಳಿಸಿತು.

ತನ್ನ ಕೆಲಸ ಕಿತ್ತುಕೊಳ್ಳಲು ಬಂದ ಯಂತ್ರಕ್ಕೆ ತಾನೇ ದಾರಿ ಮಾಡಿಟ್ಟ ಮನುಷ್ಯನಿಗೆ ಏನು ಹೇಳುವುದು? ಸುಮಿಮಾಸೆನ್, ಕ್ಷಮಿಸಿ, ಎಂದು ತಲೆ ತಗ್ಗಿಸಿದೆ. ಒಳಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಕೆಟಲ್ ಕುದಿಯುತ್ತಿತ್ತು. ಚಹಾ ಕೊಟ್ಟರು, ಕಿತ್ತಳೆ ಸುಲಿದುಕೊಟ್ಟರು. ಸಂಜೆಯ ಮುನ್ಸೂಚನೆ ಏನೆಂದು ಕೇಳಿದರು.

"ಇಲ್ಲಿಗೆ ಏನೂ ಆಗಲ್ಲ. ಪೂರ್ವದ ಕಣಿವೆಗೆ ಮಾತ್ರ ತೊಂದರೆ," ಎಂದೆ.

"ಹಾಗಾದ್ರೆ ಒಳ್ಳೇದೇ," ಎಂದರು. ಸ್ವಲ್ಪ ಹೊತ್ತು ಕಿಟಕಿಯಾಚೆ ಬೆಟ್ಟ ನೋಡಿದರು. "ನನ್ನ ಹೆಂಡತಿ ಕೆಳಗಿನ ಆರೈಕೆ ಮನೆಯಲ್ಲಿದ್ದಾಳೆ. ಉಸಿರಿನ ಯಂತ್ರ ಇದೆ. ಈ ಗಾಳಿ ನೋಡಿ ಬೆಳಗ್ಗೆಯಿಂದ ಮನಸ್ಸಿಗೆ ಸಮಾಧಾನ ಇರಲಿಲ್ಲ. ಕಂಪ್ಯೂಟರ್ ಹೇಳಿದ್ಮೇಲೆ ಸರಿ."

ನಕ್ಷೆಯ ಕೆಂಪು ಚುಕ್ಕಿಗೆ ಒಬ್ಬ ಗಂಡ ಇದ್ದಾರೆ, ಅವರು ನನ್ನೆದುರು ಕಿತ್ತಳೆ ಸಿಪ್ಪೆಯನ್ನು ಒಟ್ಟುಮಾಡುತ್ತಾ ಕೂತಿದ್ದಾರೆ. ನಾನು ಚಹಾ ಲೋಟ ಕೆಳಗಿಟ್ಟೆ.

ಒಂಬತ್ತಕ್ಕೆ ಐದು ನಿಮಿಷ ಇದ್ದಂತೆ ಎದ್ದರು. ಹಿಂದೆಯೇ ನಾವೂ ಹೋದೆವು. ಕಿಟಕಿಯಿಂದ ಅಂದಾಜು ಮಾಡುತ್ತಾರೆ ಅಂದುಕೊಂಡಿದ್ದೆನಲ್ಲ, ನನ್ನ ಮುಖಕ್ಕಿಷ್ಟು! ಕೈಗವಸು ಬಿಚ್ಚಿ, ಬರಿಗೈಯಲ್ಲಿ ಅಳತೆಪಟ್ಟಿ ಹಿಡಿದು, ಮೂರು ಕಡೆ ಅಳೆದು ಬರೆದರು. ಎರಡೂಕಾಲು ಸೆಂಟಿಮೀಟರ್. ಆಮೇಲೆ ಕಂಬಕ್ಕೆ ಒರಗಿಸಿದ್ದ ಬಿದಿರು ಕೋಲು ತೆಗೆದು ತಂತಿಗೆ ಮೆಲ್ಲಗೆ ತಟ್ಟಿದರು. ಹಿಮ ಪುಸಕ್ಕನೆ ಬಿತ್ತು. ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಯಿಂದ ತಂತಿಯನ್ನು ಈ ತುದಿಯಿಂದ ಆ ತುದಿಗೆ ಒರೆಸಿದರು. ಪುಸ್ತಕ ತೆಗೆದು ಷರಾ ಕಾಲಂನಲ್ಲಿ ಒಂದು ವಾಕ್ಯ ಬರೆದರು.

ನಾನು ಬರಿದಾದ ತಂತಿಯ ಹತ್ತಿರ ಹೋದೆ.

"ಯಾಕೆ ಒರೆಸಿದ್ರಿ?" ಎಂದೆ. ದನಿ ನನಗೇ ಒರಟಾಗಿ ಕೇಳಿಸಿತು.

"ಒರೆಸಬೇಕಲ್ಲ. ಮೂರು ಗಂಟೆಯಲ್ಲಿ ಹೊಸದಾಗಿ ಎಷ್ಟು ಕಟ್ತು ಅಂತ ಗೊತ್ತಾಗಬೇಕು. ನನಗೆ ಕಲಿಸಿದವರು ಹಾಗೇ ಕಲಿಸಿದ್ದು. ಪ್ರತಿ ಸಲವೂ ಬರೀತೀನಿ, ನೋಡಿ." ಪುಸ್ತಕ ಮುಂದೆ ಹಿಡಿದರು. ಸಹೋದ್ಯೋಗಿ ಓದಿದರು. "ಅಳೆದ ನಂತರ ತಂತಿ ಒರೆಸಿದೆ." ಮೇಲಿನ ಸಾಲೂ ಅದೇ, ಅದರ ಮೇಲಿನದೂ ಅದೇ.

ಅಯ್ಯೋ ನನ್ನ ಕರ್ಮವೇ. ಎರಡು, ಎರಡೂವರೆ, ಎರಡು ಎಂದರೆ ಕೂಡಿಸಿ ಆರೂವರೆ ಎಂದು ಅರ್ಥ. ಹಿಮ ತಾನಾಗಿ ಉದುರಿದ್ದಲ್ಲ, ಈ ಮನುಷ್ಯ ಉದುರಿಸಿದ್ದು. ಮೇಲೆ ಬೆಟ್ಟದಲ್ಲಿರುವ ನಿಜವಾದ ತಂತಿಯನ್ನು ಯಾರು ಒರೆಸುತ್ತಾರೆ? ಹದಿನಾಲ್ಕು ಚಳಿಗಾಲ ಈತ ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳುತ್ತಾ ಬಂದಿದ್ದರು, ಅದನ್ನೇ ಹೇಳುತ್ತಾರೆಂದು ನಾನು ಕಿತ್ತೆಸೆದಿದ್ದೆ.

ಆದರೂ ನನ್ನ ಬುದ್ಧಿ ಪುರಾವೆ ಕೇಳಿತು. ಲಾರಿ ಒಂದೇ ಇದೆ, ಸುಮ್ಮನೆ ಹೆದರಿ ಈ ಕಡೆ ತಿರುಗಿಸಿದರೆ ಪೂರ್ವದವರ ಗತಿ? ತಾತನ ಮುಂದೆ ತಪ್ಪೊಪ್ಪಿಕೊಂಡು ಒಂದು ಕೋರಿಕೆ ಇಟ್ಟೆ. ಇವತ್ತು ಬೆಳಗಿನ ಹಿಮ ಹಾಗೇ ಬೆಳೆದರೆ ಎಷ್ಟಾಗುತ್ತದೆ ನೋಡಬೇಕು, ಒರೆಸದ ತಂತಿ ಬೇಕು ಅಂತ. ಒರೆಸದೆ ಬಿಡಬೇಕು ಎಂದಾಗ ಅವರ ಮುಖ ಚಿಕ್ಕದಾಯಿತು. ಆದರೆ ಶೆಡ್ಡಿಗೆ ಹೋಗಿ, ಅದರ ಹೊರಗೆ ಅಡ್ಡ ಕಟ್ಟಿದ್ದ ಹಳೆಯ ತಂತಿಯ ತುಂಡನ್ನು ಬೆಳಗಿನಿಂದ ಅದರ ಮೇಲೆ ಕಟ್ಟಿದ್ದ ಎರಡು ಸೆಂಟಿಮೀಟರ್ ಹಿಮ ಉದುರದಂತೆ ತಂದು, ಪಕ್ಕದಲ್ಲೇ ಎರಡನೇ ತಂತಿಯಾಗಿ ಕಟ್ಟಿಕೊಟ್ಟರು. ಅವರದು ಅವರ ಕ್ರಮದಲ್ಲಿ, ನನ್ನದು ನನ್ನ ಕ್ರಮದಲ್ಲಿ.

ಹತ್ತು ಗಂಟೆಗೆ ಒದ್ದೆ ಹಿಮ ಜೋರಾಯಿತು, ಅಂದುಕೊಂಡದ್ದಕ್ಕಿಂತ ಬೇಗ. ನಾನು ಕೈಗವಸನ್ನು ರೈಲು ಸ್ಟೇಷನ್ನಿನ ಕೊಂಬಿನಿ ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ. ತಾತ ತಮ್ಮದನ್ನೇ ಬಿಚ್ಚಿ ಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ಹತ್ತು ಹತ್ತು ನಿಮಿಷಕ್ಕೊಮ್ಮೆ ಹೊರಗೆ ಓಡಿ ಅಳೆದೆ. ಹತ್ತೂಮುಕ್ಕಾಲಿಗೆ ಮೂರು ದಾಟಿತು. ಪ್ರೋಗ್ರಾಂ ಪ್ರಕಾರ ಈಗ ಉದುರಬೇಕು. ಉದುರು, ಉದುರು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಉದುರಲಿಲ್ಲ. ತಂತಿಯ ಸುತ್ತ ಮೆಲ್ಲಗೆ ಹೊರಳುತ್ತಾ ಇನ್ನಷ್ಟು ದಪ್ಪವಾಯಿತು. ಹನ್ನೊಂದೂವರೆಗೆ ನಾಲ್ಕೂವರೆ ಸೆಂಟಿಮೀಟರ್.

ಟೋಕಿಯೋದಲ್ಲಿದ್ದ ನನ್ನ ಮ್ಯಾನೇಜರಿಗೆ ಫೋನ್ ಮಾಡಿದೆ. ಬೆಂಗಳೂರಿನವರು, ಒಳ್ಳೆಯವರು, ಕ್ಲೈಂಟ್ ಎಂದರೆ ಮಾತ್ರ ಪ್ರಾಣ ಕೈಯಲ್ಲಿ ಹಿಡಿದುಕೊಳ್ಳುವವರು.

"ಸರ್, ವೆಸ್ಟ್ ವ್ಯಾಲಿ ಫೋರ್‌ಕಾಸ್ಟ್ ತಪ್ಪು. ತಪ್ಪು ನಂದೇ. ರಿಮಾರ್ಕ್ಸ್ ಕಾಲಂ ಡ್ರಾಪ್ ಮಾಡ್ಬಿಟ್ಟಿದ್ದೆ, ವಿಷಯ ಎಲ್ಲಾ ಅದ್ರಲ್ಲೇ ಇತ್ತು." ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಅಯ್ಯೋ ದೇವ್ರೇ," ಎಂದರು. "ಈಗ ಹೇಳಿದ್ರೆ ಹೆಂಗಮ್ಮ? ಇನ್ನರ್ಧ ಗಂಟೇಲಿ ಕಾಲ್ ಇದೆ. ಮಾಡೆಲ್ ತಪ್ಪು ಅಂತ ನಾವೇ ಹೇಳ್ಕೊಂಡ್ರೆ ಕ್ಲೈಂಟ್ ಹತ್ರ ಇರೋ ಟ್ರಸ್ಟ್ ಎಲ್ಲಾ ಹೋಗತ್ತೆ. ಬುಧವಾರ ರಿವ್ಯೂ ಇದ್ಯಲ್ಲ, ಅಲ್ಲಿ ನೀಟಾಗಿ ಪ್ರೆಸೆಂಟ್ ಮಾಡೋಣ."

"ಬುಧವಾರಕ್ಕೆ ಇಲ್ಲಿ ಯಾರ್ ಇರ್ತಾರೋ ಯಾರ್ ಹೋಗಿರ್ತಾರೋ ಸರ್!" ಎಂದು ಕಿರುಚಿದೆ. "ಆ ಹೋಮ್‌ನಲ್ಲಿ ಇವ್ರ ಹೆಂಡ್ತಿ ಮಲ್ಗಿದ್ದಾರೆ. ನಂಗೆ ಇವರೇ ಕಿತ್ತಳೆ ಹಣ್ಣು ಸುಲ್ದು ಕೊಟ್ರು!"

ಕಿತ್ತಳೆ ಹಣ್ಣಿಗೂ ಅದಕ್ಕೂ ಏನು ಸಂಬಂಧವೋ ನನಗೇ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಕನ್ನಡ ತಿಳಿಯದ ಇಬ್ಬರು ಸ್ಟೌವಿನ ಆಚೆ ಗರಬಡಿದವರಂತೆ ಕೂತಿದ್ದರು.

"ಕೂಗ್ಬೇಡ," ಎಂದರು ಮ್ಯಾನೇಜರು. "ನಾಲ್ಕೂವರೆ ನೀನೇ ಅಳೆದ್ಯಾ?"

"ನಾನೇ ಅಳೆದೆ ಸರ್."

"ಫೋಟೋ ಕಳ್ಸು. ಕಾಲ್‌ನಲ್ಲಿ ನೀನೇ ಮಾತಾಡು, ಕಣ್ಣಲ್ಲಿ ನೋಡಿರೋಳು ನೀನು. ಬೈಗಳ ಬಂದ್ರೆ ನಂಗ್ ಬಿಡು."

ಆ ಮನುಷ್ಯನ ಮೇಲೆ ನನಗಿದ್ದ ಹಳೆಯ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು.

ಹನ್ನೆರಡಕ್ಕೆ ತಾತನ ಅಳತೆಯ ಹೊತ್ತೂ ಹೌದು, ಸಭೆಯೂ ಹೌದು. ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳಿಸುವಂತೆ ಮಾಡಿದೆವು. ನನ್ನ ಜಪಾನಿಯಲ್ಲಿ, ಬೇಕಾದ ಗೌರವದ ಪದಗಳೆಲ್ಲ ಎಡವಟ್ಟಾಗುತ್ತಾ, ನಡೆದದ್ದನ್ನು ಹೇಳಿದೆ. ಈತನ ಅಂಕಿಗಳು ಸರಿ, ಓದಿದ ನಾನು ತಪ್ಪು ಎಂದೆ. ಎರಡರಲ್ಲಿ ಒಂದೇ ಕಣಿವೆ ಎಂದರೆ ಲಾರಿಯನ್ನು ಪಶ್ಚಿಮಕ್ಕೆ ಕಳಿಸಿ ಎಂದೆ. ಅಷ್ಟರಲ್ಲಿ ತಾತ ಎದ್ದು ನಿಂತು, ಮೇಜಿನ ಮೇಲಿದ್ದ ಆ ಫೋನಿಗೆ ಸೊಂಟ ಬಗ್ಗಿಸಿ, "ನನ್ನ ಬರವಣಿಗೆ ಸರಿಯಾಗಿ ತಿಳಿಯುವಂತಿರಲಿಲ್ಲ. ತಪ್ಪಾಯಿತು," ಎಂದರು.

ನನಗೆ ನೆತ್ತಿಗೇರಿತು. "ಇಲ್ಲ! ಇವರು ಯಾಕೆ ಕ್ಷಮೆ ಕೇಳಬೇಕು? ಇವರು ಹದಿನಾಲ್ಕು ವರ್ಷ ಬರೆದಿದ್ದಾರೆ. ಓದದೇ ಇದ್ದವಳು ನಾನು," ಎಂದು ಅವರ ಮಾತು ಮುಗಿಯುವ ಮೊದಲೇ ಹೇಳಿದೆ. ಜಪಾನಿನ ಸಭೆಯಲ್ಲಿ ಹಾಗೆ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಸಹೋದ್ಯೋಗಿ ಕಣ್ಣು ಮುಚ್ಚಿಕೊಂಡರು. ಆ ಕಡೆಯಿಂದ ವಿದ್ಯುತ್ ಕಂಪನಿಯ ಹಿರಿಯ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ರಸ್ತೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಅದಕ್ಕೆ ಉತ್ತರ ತಾತನಿಗೆ ಗೊತ್ತಿತ್ತು. "ನಾಲ್ಕರವರೆಗೆ. ಮೇಲಿನ ತಿರುವಿದೆ, ಟೈರಿಗೆ ಚೈನ್ ಹಾಕ್ಕೊಂಡು ಬರಲಿ," ಎಂದರು.

ಸಭೆ ಮುಗಿದಾಗ ಹನ್ನೆರಡೂಕಾಲು. ತಾತ ಗಡಿಯಾರ ನೋಡಿ ಗಾಬರಿಯಾಗಿ ಹೊರಗೆ ಓಡಿದರು. ಅಳೆದರು. ಬಿದಿರು ಕೋಲು ಎತ್ತಿಕೊಂಡವರು ಏನನ್ನಿಸಿತೋ, ನನ್ನ ಕೈಗೆ ಕೊಟ್ಟರು. ನಾನು ತಟ್ಟಿದೆ, ಒರೆಸಿದೆ. ತಂತಿ ಎಷ್ಟು ತಣ್ಣಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಆಮೇಲೆ ಒಳಗೆ ಕೂತು ನನ್ನ ಪುಳಿಯೋಗರೆ ಡಬ್ಬಿ ಬಿಚ್ಚಿದೆ. ಒಂದು ತುತ್ತಿಗೇ ತಾತ ಕೆಮ್ಮಿ, ಕಣ್ಣೊರೆಸಿಕೊಂಡು, ಮೈ ಬೆಚ್ಚಗಾಗುತ್ತೆ ಎಂದು ಇನ್ನೊಂದು ತುತ್ತು ಕೇಳಿದರು.

ಮೂರು ಗಂಟೆಗೆ ಲಾರಿ ಬಂತು. ಅದರ ಹಿಂದೆಯೇ ನಾವೂ ಆರೈಕೆ ಮನೆಗೆ ಇಳಿದೆವು, ಟೋಕಿಯೋಗೆ ಮರಳುವ ರೈಲುಗಳು ಆಗಲೇ ನಿಂತಿದ್ದವು. ತಾತ ಮೂರರ ಅಳತೆ ಮುಗಿಸಿ ನಡೆದೇ ಬಂದರು. ನಾಲ್ಕೂವರೆಗೆ ಬೆಟ್ಟದ ಕಡೆ ತಂತಿ ಹರಿದು ಹಸಿರು ಬೆಳಕು ಒಮ್ಮೆ ಮಿಂಚಿತು, ದೀಪಗಳು ಆರಿದವು. ಲಾರಿಯವರು ಕೇಬಲ್ ಮೊದಲೇ ಜೋಡಿಸಿಟ್ಟಿದ್ದರು. ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಒಳಗಿನ ಯಂತ್ರಗಳು ಬ್ಯಾಟರಿಯ ಮೇಲೆ ಬೀಪ್ ಬೀಪ್ ಎನ್ನುವುದು ಕೇಳುತ್ತಿತ್ತು. ಹೊರಗೆ ಎಂಜಿನ್ ಗುಡುಗಿತು, ದೀಪ ಬಂತು. ತಂತಿ ರಿಪೇರಿಯಾಗಲು ಎರಡು ದಿನ ಹಿಡಿಯಿತು, ಎರಡು ದಿನವೂ ಆ ಲಾರಿ ಅಲ್ಲೇ ಗುಡುಗುತ್ತಾ ನಿಂತಿತ್ತು. ಪೂರ್ವದ ಕಣಿವೆಯಲ್ಲಿ ಅಂದು ದೀಪ ಆರಲಿಲ್ಲ. ಅದು ನನ್ನ ಪುಣ್ಯ, ಜಾಣತನವಲ್ಲ.

ಆ ಸಂಜೆ ಮನೆಗೆ ಫೋನ್ ಮಾಡಿದೆ. ಹಿಮದಲ್ಲಿ ಸಿಕ್ಕಿಕೊಂಡಿದ್ದೇನೆ, ನಾಳೆಯೂ ಬರಲಾರೆ ಎಂದೆ. ಮಗಳು, "ಅಮ್ಮಾ, ಊಟ ಆಯ್ತಾ?" ಎಂದಳು. ಕನ್ನಡದಲ್ಲಿ. ಆಯ್ತು ಕಂದಾ ಎಂದು ಹೇಳಿ, ನಿಂದು ಆಯ್ತಾ ಎಂದು ನಾನೂ ಕೇಳಿದೆ.

ವರದಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಕ್ಯಾಮೆರಾ ಬಂತು, ತಾತನೂ ಉಳಿದರು. ಒಂದು ವಾರದ ಮೇಲೆ ಶಾಖಾ ಕಚೇರಿಯಿಂದ ಹೊಸ ಹಾಳೆ ಬಂದಾಗ, ಕಿತ್ತುಹಾಕಿದ್ದ ಹಳೆಯ ಷರಾಗಳನ್ನೂ ಅದಕ್ಕೆ ಮರಳಿ ಸೇರಿಸಿ, ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಷರಾ ಕಾಲಂ ಅನ್ನು ಮೊದಲ ಸಾಲಿನಿಂದ ಓದಿಸಿಕೊಂಡೆ. ಅಳೆದ ನಂತರ ತಂತಿ ಒರೆಸಿದೆ. ಅಳೆದ ನಂತರ ತಂತಿ ಒರೆಸಿದೆ. ಪುಟಗಟ್ಟಲೆ ಅದೇ. ನಾಲ್ಕು ಚಳಿಗಾಲದ ಹಿಂದಿನ ಒಂದು ಸಾಲಿನಲ್ಲಿ ಮಾತ್ರ ಸಹೋದ್ಯೋಗಿ ತಡೆದು, ನಿಧಾನವಾಗಿ ಓದಿದರು. "ಅಳೆದ ನಂತರ ತಂತಿ ಒರೆಸಿದೆ. ಹೆಂಡತಿಯನ್ನು ಇಂದು ಆರೈಕೆ ಮನೆಗೆ ಸೇರಿಸಿದ್ದರಿಂದ ಅಳತೆ ಹತ್ತು ನಿಮಿಷ ತಡವಾಯಿತು. ಕ್ಷಮಿಸಬೇಕು."

ನಾವು ಹೋಗಿದ್ದ ದಿನಕ್ಕೆ ಬಂದೆವು. ಒಂಬತ್ತರ ಸಾಲಿನಲ್ಲಿ ಎಂದಿನ ಮಾತು. ಹನ್ನೆರಡರದ್ದರಲ್ಲಿ, "ಹದಿನೈದು ನಿಮಿಷ ತಡ. ತಂತಿ ಒರೆಸಿದ್ದು ಇಂಡಿಯಾದ ಅತಿಥಿ. ಚೆನ್ನಾಗಿ ಒರೆಸಿದ್ದಾರೆ." ಮೂರರದ್ದು ಎಂದಿನಂತೆ. ಆರರ ಸಾಲಿನಲ್ಲಿ ಅಂಕಿಯ ಮನೆ ಖಾಲಿ. ಪಕ್ಕದಲ್ಲಿ ಬರೆದಿತ್ತು: "ಅಳೆದಿಲ್ಲ. ಲಾರಿ ಬಂದಿದೆ. ಹೆಂಡತಿಯ ಹತ್ತಿರ ಕೂತಿದ್ದೆ."

ಈ ಸಲ ಕ್ಷಮೆ ಕೇಳಿರಲಿಲ್ಲ.

ಖಾಲಿ ಮನೆ ಕಂಡರೆ ಅಕ್ಕಪಕ್ಕದ ಅಂಕಿ ನೋಡಿ ತುಂಬುವುದು ನಮ್ಮ ಕಸುಬಿನ ಇನ್ನೊಂದು ರೂಢಿ. ತುಂಬಲೇ ಎಂದು ಪ್ರೋಗ್ರಾಂ ಕೇಳಿತು. ಹದಿನಾಲ್ಕು ಚಳಿಗಾಲಗಳಲ್ಲಿ ಆತ ತಪ್ಪಿಸಿದ್ದು ಅದೊಂದೇ ಅಳತೆ. ಬೇಡ ಎಂದು ಒತ್ತಿ, ಅದನ್ನು ಖಾಲಿಯಾಗಿಯೇ ಬಿಟ್ಟೆ.